ಅಂಚಿನ ಸಾಲು

ಭತ್ತದ ತಳಿ ಮಾಡುವ ಕೆಲಸಕ್ಕೆ ಬಂದವರಿಗೆ ಮೊದಲ ವಾರವೇ ಕಲಿಸುವ ಪಾಠ ಒಂದಿದೆ. ಅಂಚಿನ ಸಾಲಿನಿಂದ ಗಿಡ ಆರಿಸಬಾರದು. ಮಡಿಯ ಅಂಚಿನಲ್ಲಿ ನಿಂತ ಗಿಡಕ್ಕೆ ಒಂದು ಮಗ್ಗುಲಲ್ಲಿ ನೆರೆಯವರೇ ಇರುವುದಿಲ್ಲ. ಅದಕ್ಕೆ ಬೆಳಕು ಹೆಚ್ಚು, ಗಾಳಿ ಹೆಚ್ಚು, ಬೇರಿಗೆ ಜಾಗ ಹೆಚ್ಚು. ಅದು ಬುಡದಲ್ಲಿ ಹೊಸ ಕಡ್ಡಿಗಳ ದಪ್ಪ ತೆಂಡೆ ಒಡೆದು ಉದ್ದ ತೆನೆ ಬಿಟ್ಟು ನಿಂತರೆ ಅದು ಗಿಡದ ಗುಣವಲ್ಲ, ಜಾಗದ ಗುಣ. ಮರುಳಾಗಿ ಅದನ್ನು ಬೀಜಕ್ಕೆ ತೆಗೆದುಕೊಂಡರೆ ಮರುವರ್ಷ ನಡುವಿನ ಸಾಲಿನಲ್ಲಿ ಅದು ಹತ್ತರಲ್ಲಿ ಹನ್ನೊಂದನೆಯದಾಗುತ್ತದೆ. ಈ ಪಾಠವನ್ನು ಮೂವತ್ತೊಂದು ವರ್ಷ ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ಅಂಚಿನ ಸಾಲಿಗೆ ಕೈ ಹಾಕಿದ್ದಕ್ಕೆ ತರಬೇತಿಗೆ ಬಂದವರನ್ನು ಎಲ್ಲರ ಮುಂದೆ ಬೈದದ್ದೂ ಉಂಟು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಇವತ್ತು ಯಾರಾದರೂ ನನ್ನನ್ನು ಅಂದರೆ ಬಾಯಿ ಮುಚ್ಚಿಕೊಂಡು ಕೇಳಬೇಕು.

ನನ್ನ ಹೆಸರು ಸಂಕಪ್ಪ. ಊರು ಕಲಘಟಗಿಯ ಹತ್ತಿರ. ಪುಣೆಗೆ ಬಂದು ಒಂದು ಖಾಸಗಿ ಸಂಸ್ಥೆಯ ಭತ್ತದ ಫಾರ್ಮಿನಲ್ಲಿ ಕೆಲಸಕ್ಕೆ ಸೇರಿದಾಗ ಹಿಂಜವಾಡಿಯಲ್ಲಿ ಮಳೆಗಾಲವೆಂದರೆ ಗದ್ದೆಯೇ. ನಮ್ಮ ಏಳು ಎಕರೆಯ ಸುತ್ತ ರೈತರ ಗದ್ದೆಗಳಿದ್ದವು. ಆಮೇಲೆ ಅವು ಒಂದೊಂದಾಗಿ ಕಂಪನಿಗಳಾದವು, ಫ್ಲ್ಯಾಟುಗಳಾದವು. ನಮ್ಮ ಪಶ್ಚಿಮದ ಗೋಡೆಯಾಚೆ ಕಂಪನಿ ಕ್ಯಾಬುಗಳು ನಿಲ್ಲುವ ದೊಡ್ಡ ಮೈದಾನವಾಯಿತು. ಅಲ್ಲಿ ನಾಲ್ಕು ಎತ್ತರದ ಕಂಬ ನೆಟ್ಟು, ಒಂದೊಂದರ ತಲೆಗೂ ಎಂಟೆಂಟು ದೀಪ ಹಾಕಿದರು. ಸಂಜೆ ಆರೂವರೆಗೆ ಹತ್ತಿದರೆ ಬೆಳಗಾಗುವ ತನಕ ಆರುತ್ತಿರಲಿಲ್ಲ. ನಮಗೆ ಖುಷಿಯೇ ಆಯಿತು, ಹಾವಿನ ಹೆದರಿಕೆ ಕಡಿಮೆಯಾಯಿತೆಂದು.

ಸಕ್ಕುಬಾಯಿ ನಮ್ಮ ಫಾರ್ಮಿಗೆ ಬಂದದ್ದು ಆ ದೀಪಗಳಿಗಿಂತ ಒಂದು ವರ್ಷ ಮುಂಚೆ. ಜತ್ತ ಕಡೆಯ ಕನ್ನಡದ ಹೆಣ್ಣುಮಗಳು. ಪೌಡ್ ದಾಟಿ ಮುಳಶಿಯ ಕಣಿವೆಯೊಳಗಿನ ಒಂದು ಮರಾಠಿ ಮನೆಗೆ ಸೊಸೆಯಾಗಿ ಬಂದಿದ್ದಳು. ನಾಟಿಗೆಂದು ಬಂದವಳ ಬೆರಳು ನೋಡಿ ನಾನು ಅವಳನ್ನು ಸಂಕರದ ಕೆಲಸಕ್ಕೆ ಹಾಕಿಕೊಂಡೆ. ಭತ್ತದ ಹೂವು ಎಳ್ಳಿಗಿಂತ ಸ್ವಲ್ಪ ದೊಡ್ಡದು. ಅದು ಅರಳುವ ಮುಂಚೆಯೇ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಒಳಗಿನ ಆರು ಗಂಡು ಕೇಸರಗಳನ್ನು ಚಿಮಟದಿಂದ ಒಂದೂ ಒಡೆಯದಂತೆ ಎತ್ತಿ ತೆಗೆಯಬೇಕು. ಆರರಲ್ಲಿ ಒಂದು ಉಳಿದರೂ ಸಂಕರ ಸುಳ್ಳಾಗುತ್ತದೆ. ಪದವಿ ಪಡೆದವರು ಒಂದು ತೆನೆಗೆ ಅರ್ಧ ತಾಸು ಹಿಡಿಯುತ್ತಿದ್ದರು, ಸಕ್ಕುಬಾಯಿ ಮಾತಾಡುತ್ತ ಮಾತಾಡುತ್ತ ಹತ್ತು ನಿಮಿಷದಲ್ಲಿ ಮುಗಿಸಿ ಕಾಗದದ ಚೀಲ ಹಾಕಿ ಕಟ್ಟುತ್ತಿದ್ದಳು.

ಅವಳ ಮನೆಯಲ್ಲಿ ಒಂದು ಭತ್ತವಿತ್ತು. ಆಂಬೆಮೋಹರದ ಜಾತಿಯೇ, ಮಾವಿನ ಹೂವಿನ ವಾಸನೆಯದು. ಆದರೆ ಅದು ಅವರ ಮನೆಯದೇ ಒಂದು ಎಳೆ. ಅವಳ ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜ. ದೀಪಾವಳಿಯ ಹೊತ್ತಿಗೆ ಗದ್ದೆಯ ಘಮ ಮನೆಯ ಹೊಸ್ತಿಲಿಗೆ ಬಂದ ದಿನ ಆ ಮುದುಕಿ ಸೆರಗು ಸಿಕ್ಕಿಸಿ ಗದ್ದೆಗಿಳಿಯುತ್ತಿದ್ದಳಂತೆ. ನಡುವಿನ ಸಾಲುಗಳಲ್ಲಿ ನಡೆದು, ಕಾಳು ಕಚ್ಚಿ ನೋಡಿ, ಒಪ್ಪಿಗೆಯಾದ ಗಿಡಕ್ಕೆ ಕೆಂಪು ದಾರ ಕಟ್ಟುತ್ತಿದ್ದಳಂತೆ. ಮರುವರ್ಷದ ಬೀಜ ಆ ಗಿಡಗಳದೇ. ಅಂಚಿನ ಸಾಲಿನ ಪಾಠ ಅವಳಿಗೆ ಯಾರೂ ಹೇಳಿರಲಿಲ್ಲ.

೨೦೧೨ರಲ್ಲಿ ನಾನು ಅವರ ಮನೆಗೆ ಹೋಗಿ ಒಂದು ಸೇರು ಬೀಜ ಕೇಳಿದೆ. ಹಣ ಕೊಡಲು ಹೋದರೆ ಮುದುಕಿ ಕೈಯನ್ನೇ ಹಿಂದಕ್ಕೆ ತೆಗೆದುಕೊಂಡಳು. ಬೀಜ ಮಾರುವ ಪದ್ಧತಿ ಅವರಲ್ಲಿಲ್ಲ. ಕೊಡುತ್ತಾರೆ, ಬೇಕಾದಾಗ ತಿರುಗಿ ಕೇಳುತ್ತಾರೆ. ಇಸಿದುಕೊಂಡವನು ಅದೇ ಬೀಜ ತಿರುಗಿ ಕೊಡಬೇಕು.

"ಪರತ ದ್ಯಾಯಚ ಬರ ಕಾ," ಎಂದಳು ಮುದುಕಿ, ಸೇರು ತುಂಬುತ್ತ.

"ತಿರುಗಿ ಕೊಡಬೇಕು ನೋಡ್ರಿ, ಅಂತಾರ ಅತ್ತಿ," ಎಂದಳು ಸಕ್ಕುಬಾಯಿ.

"ಎಂದ ಕೇಳಿದ್ರೂ ಕೊಡ್ತೀನಿ ಅಂತ ಹೇಳು," ಎಂದೆ ನಾನು. ಎಷ್ಟು ಸಲೀಸಾಗಿ ಹೇಳಿದ್ದೆ.

ಆ ಭತ್ತದಲ್ಲಿ ಎರಡು ದೋಷ. ಎದೆಮಟ್ಟ ಬೆಳೆದು ಗಾಳಿಗೆ ಮಲಗುತ್ತಿತ್ತು, ಇಳುವರಿಯೂ ಕಡಿಮೆ. ಕುಳ್ಳನೆಯ, ಗಟ್ಟಿ ಕಡ್ಡಿಯ, ಬೇಗ ಮಾಗಿ ಹೆಚ್ಚು ಕೊಡುವ ಒಂದು ತಳಿಯನ್ನು ತಾಯಿ ಮಾಡಿ, ಮುದುಕಿಯ ಭತ್ತವನ್ನು ತಂದೆ ಮಾಡಿ ಸಂಕರ ಮಾಡಿದೆವು. ಆರು ಕೇಸರ ಕಿತ್ತವಳು ಸಕ್ಕುಬಾಯಿ, ಮರುದಿನ ಹತ್ತು ಗಂಟೆಗೆ ಪರಾಗ ಉದುರಿಸಿದವಳೂ ಅವಳೇ. ಹನ್ನೊಂದು ಕಾಳು ಕಟ್ಟಿದವು. ಆ ಹನ್ನೊಂದು ಕಾಳಿನ ಮಕ್ಕಳು, ಮೊಮ್ಮಕ್ಕಳು, ಸಾವಿರಾರು ಗಿಡಗಳಲ್ಲಿ ವರ್ಷ ವರ್ಷ ಆರಿಸುತ್ತ ಹೋಗಿ ಕಡೆಗೆ ಉಳಿದದ್ದು ನಲವತ್ತೇಳನೆಯ ಸಾಲು. ಸೊಂಟದ ಎತ್ತರ, ಬಗ್ಗದ ಕಡ್ಡಿ, ತಂದೆಯ ಎರಡರಷ್ಟು ಇಳುವರಿ, ಘಮ ತಂದೆಯದೇ. ನಲವತ್ತೇಳು ಅಕ್ಟೋಬರ್ ಕಡೆಗೆ ಹೂವಾಗಿ ನವೆಂಬರಿನ ಚಳಿಯಲ್ಲಿ ಕಾಳು ತುಂಬುತ್ತಿತ್ತು. ಚಳಿಯಲ್ಲಿ ತುಂಬಿದ ಕಾಳಿಗೇ ವಾಸನೆ ನಿಲ್ಲುವುದು. 'ತಡವಾಗಿ ಹೂವಾಗುವುದು ಈ ಸಾಲಿನ ಹುಟ್ಟುಗುಣ' ಎಂದು ರಿಜಿಸ್ಟರಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ವಿಮಾನ ನಗರದಲ್ಲಿ ಹೋಟೆಲು ನಡೆಸುವ ಕುಂದಾಪುರದ ಮಹಾಲಿಂಗ ನನ್ನ ಹಳೆಯ ಸ್ನೇಹಿತ. ಐದು ಕಿಲೊ ಅಕ್ಕಿ ಒಯ್ದು ಅವನ ಅಡುಗೆಮನೆಯಲ್ಲಿ ಬೇಯಿಸಿದೆ. ಗಂಜಿ ಬಸಿಯುವಾಗ ಊಟದ ಕೋಣೆಯಲ್ಲಿದ್ದವರು ತಲೆ ಎತ್ತಿ ನೋಡಿದರು.

"ಎಂತ ಮಾರಾಯ್ರೆ, ನೀವು ಅಕ್ಕಿ ಮಾಡಿದ್ದಾ, ಅತ್ತರು ಮಾಡಿದ್ದಾ?" ಎಂದ ಮಹಾಲಿಂಗ. "ಕುಚ್ಚಲಕ್ಕಿ ಉಂಬ ನಮ್ಮಂಥವರಿಗೂ ಇನ್ನೊಂದು ತುತ್ತು ಬೇಕು ಅಂತ ಕಾಣ್ತದೆ."

ಆ ಮಾತನ್ನು ನಾನು ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮನುಷ್ಯನಿಗೆ ಹೊಗಳಿಕೆ ಏರಿದರೆ ಇಳಿಯುವುದು ಕಷ್ಟ.

ಹೊಸ ತಳಿಯನ್ನು ನಾಲ್ಕು ಬೇರೆ ಬೇರೆ ಊರಿನಲ್ಲಿ ಮೂರು ವರ್ಷ ಬೆಳೆದು ನೋಡದೆ ಯಾರ ಕೈಗೂ ಬೀಜ ಕೊಡಬಾರದೆಂಬುದು ನಿಯಮ. ಒಂದೇ ಬೀಜ ನೀರು, ಮಣ್ಣು, ಚಳಿ, ಬೆಳಕು ಬದಲಾದರೆ ಬೇರೆಯೇ ಬೆಳೆಯಾಗಬಹುದು, ಅದಕ್ಕೆ. ೨೦೨೩ರ ಜೂನಿನಲ್ಲಿ ಆ ಪರೀಕ್ಷೆ ಆಗಷ್ಟೇ ಶುರುವಾಗಿತ್ತು. ಆಗಲೇ ನಾನು ಸಕ್ಕುಬಾಯಿಯನ್ನು ಕರೆದು ಬೀಜದ ಚೀಲ ಮುಂದಿಟ್ಟೆ. ಅವಳು ಕೇಳಿರಲಿಲ್ಲ. ನಾನೇ ಕೊಟ್ಟೆ. ಅವಳ ಕೈಯಿಂದ ಹುಟ್ಟಿದ ತಳಿ ಮೊದಲು ಅವಳ ಗದ್ದೆಯಲ್ಲೇ ನಿಲ್ಲಲಿ ಎಂಬ ಆಸೆ. ಪ್ರೀತಿ ಎನ್ನುತ್ತಿದ್ದೆ ಆಗ. ಈಗ ನೋಡಿದರೆ ಜಂಬದ ಪಾಲೇ ಹೆಚ್ಚಿತ್ತು.

"ಒಂದು ಮಡಿಗೆ ಹಾಕಿ ನೋಡ್ತೀನ್ರಿ ಸಾಹೇಬ್ರ," ಎಂದಳು. "ಉಳಿದದ್ದಕ್ಕ ಮನಿ ಬೀಜ ಹಾಕ್ತೀನಿ."

"ಹಂಗ ಮಾಡಬ್ಯಾಡ," ಎಂದೆ. "ಬಾಜೂಕ ಹಳೀದು ನಿಂತ್ರ ಪರಾಗ ಬೆರೀತದ, ಬೀಜ ಕೆಡತದ. ಈ ವರ್ಷ ಪೂರ್ತಿ ಇದನ್ನ ಹಾಕು. ಹಳೀದು ಮುಂದಿನ ವರ್ಷ ನೋಡೋಣಂತ."

ಬೇರೆ ಯಾರೂ ಹೀಗೆ ಹೇಳುತ್ತಿರಲಿಲ್ಲ. ಯಾವ ರೈತನನ್ನು ಕೇಳಿದರೂ, ಹೊಸ ಬೀಜ ಒಂದು ಮೂಲೆಗೆ ಹಾಕವ್ವ, ಮನೆಯದು ಬಿಡಬೇಡ ಎನ್ನುತ್ತಿದ್ದ. ಶುದ್ಧಿಯ ಹುಚ್ಚು ನಮಗೆ ಮಾತ್ರ. ಮಡಿಯಿಂದ ಮಡಿಗೆ ಇಷ್ಟು ಅಂತರ, ಸಾಲಿನಿಂದ ಸಾಲಿಗೆ ಇಷ್ಟು ಅಂತರ, ಬೆರಕೆಯಾದರೆ ಆಕಾಶ ಬೀಳುತ್ತದೆ ಎಂದುಕೊಂಡವರು ನಾವು. ಸಕ್ಕುಬಾಯಿ ಒಂದು ಕ್ಷಣ ಚೀಲ ನೋಡಿದಳು. ಹನ್ನೊಂದು ವರ್ಷ ನನ್ನ ಮಾತು ನಂಬಿ ಕೆಲಸ ಮಾಡಿದವಳು, ಹೂಂ ಎಂದಳು. ಮನೆಯ ಬೀಜ ಬಿದಿರಿನ ಕಣಜದಲ್ಲೇ ಉಳಿಯಿತು.

ಸೆಪ್ಟೆಂಬರ್ ಮುಗಿಯುವ ಮುಂಚೆಯೇ ಅವಳ ಫೋನು ಬಂತು. "ಸಾಹೇಬ್ರ, ತೆನಿ ಬಿಟ್ಟದ್ರಿ."

"ಈಗ ಹೆಂಗ ಬಿಡತದ? ಇನ್ನೂ ತಿಂಗಳು ಬೇಕು ಅದಕ್ಕ," ಎಂದೆ.

"ಬಿಟ್ಟದ್ರಿ. ಮಳಿ ಹೊಡ್ಯಾಕತ್ತದ, ಹೂವು ತೊಳಕೊಂಡು ಹೋಗ್ಯಾವ."

ಹೋಗಿ ನೋಡಿದೆ. ಹೌದು, ಗದ್ದೆಯೆಲ್ಲ ಹೂವಿನಲ್ಲಿತ್ತು. ಅಕ್ಟೋಬರಿನ ಸೆಕೆಯಲ್ಲಿ ಮಾಗಿತು, ಆಗ ಮತ್ತೊಮ್ಮೆ ಹೋದೆ. ಅರ್ಧಕ್ಕರ್ಧ ಜೊಳ್ಳು. ಫಾರ್ಮಿನಲ್ಲಿ ಸೊಂಟದ ಎತ್ತರ ನಿಲ್ಲುತ್ತಿದ್ದ ಗಿಡ ಇಲ್ಲಿ ಮೊಣಕಾಲಿಗಿಂತ ಸ್ವಲ್ಪ ಮೇಲೆ. ನಾನು ಕಾಳು ಸುಲಿದು ಹಲ್ಲಿನಲ್ಲಿ ಕಚ್ಚಿದೆ. ಏನೂ ಇಲ್ಲ. ಇನ್ನೊಂದು, ಮತ್ತೊಂದು. ಹಿಟ್ಟಿನ ರುಚಿ ಬಿಟ್ಟರೆ ಏನೂ ಇಲ್ಲ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ. ಸಕ್ಕುಬಾಯಿಯ ಅತ್ತೆ ಬದುವಿನ ಮೇಲೆ ಕುಳಿತಿದ್ದಳು, ಕೈಯಲ್ಲಿ ಕೆಂಪು ದಾರದ ಉಂಡೆ. ನಾಲ್ಕು ಕಾಳು ಕಚ್ಚಿ ನೋಡಿ ಉಗುಳಿದಳು.

"ಹೇ ಆಮಚ ನಾಹೀ," ಎಂದಳು. ಇದು ನಮ್ಮದಲ್ಲ.

ದಾರದ ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಮನೆಗೆ ನಡೆದಳು.

ನಮ್ಮ ಫಾರ್ಮು ಬಿಟ್ಟು ಉಳಿದ ಮೂರು ಊರುಗಳ ಪರೀಕ್ಷೆಯ ವರದಿಯೂ ಅದೇ ನವೆಂಬರಿನಲ್ಲಿ ಬಂತು. ಓದಿದವಳು ನನ್ನ ಸಹಾಯಕಿ ರಂಜಿನಿ. ಮಂಡ್ಯದವಳು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಕೇಳಬಾರದ ಪ್ರಶ್ನೆ ಕೇಳುವ ಒಳ್ಳೆಯ ಅಭ್ಯಾಸ ಅವಳಿಗಿತ್ತು.

"ಸರ್, ಮೂರೂ ಲೊಕೇಶನ್‌ನಲ್ಲೂ ಇಪ್ಪತ್ತೇಳು ಇಪ್ಪತ್ತೆಂಟು ದಿನ ಬೇಗ ಫ್ಲವರಿಂಗ್ ಆಗಿದೆ. ಅರೋಮಾ ಎಲ್ಲೂ ಇಲ್ಲ. ನಮ್ಮಲ್ಲಿ ಮಾತ್ರ ಇದೆ."

"ಮಳಿ ಹೆಚ್ಚಾಗಿತ್ತು ಈ ವರ್ಷ," ಎಂದೆ.

ಅವಳು ಸಂಜೆ ನನ್ನನ್ನು ಪಂಪ್ ಮನೆಯ ಹಿಂದೆ ಕರೆದುಕೊಂಡು ಹೋದಳು. ಆರೂವರೆಯಾಗಿತ್ತು. ಗೋಡೆಯಾಚೆ ಕಂಬಗಳ ದೀಪ ಹತ್ತಿದವು. ಗದ್ದೆಯೆಲ್ಲ ಬೆಳ್ಳಗಾಯಿತು, ಪಂಪ್ ಮನೆಯ ನೆರಳು ಬಿದ್ದ ಹತ್ತು ಹೆಜ್ಜೆ ಜಾಗ ಮಾತ್ರ ಕಪ್ಪಾಗಿ ಉಳಿಯಿತು. ಆ ಹತ್ತು ಹೆಜ್ಜೆಯಲ್ಲಿ ನಲವತ್ತೇಳರ ಗಿಡಗಳು ಒಂದೂ ಇರಲಿಲ್ಲ, ಬರೀ ಮಣ್ಣು.

"ಇಲ್ಲಿದ್ದ ಗಿಡಗಳನ್ನ ಪ್ರತಿ ವರ್ಷ ನೀವು ಕೀಳಿಸ್ತೀರ ಅಲ್ವಾ ಸರ್?"

ಹೌದು. ಆ ಮೂಲೆಯ ಗಿಡಗಳು ಪ್ರತಿ ವರ್ಷ ಒಂದು ತಿಂಗಳು ಮುಂಚೆ ಹೂವಾಗುತ್ತಿದ್ದವು. ಬೆರಕೆ ಎಂದು ನಾನೇ ನಿಂತು ಕೀಳಿಸುತ್ತಿದ್ದೆ. ರಿಜಿಸ್ಟರಿನಲ್ಲಿ ಬರೆದೂ ಇದ್ದೆ.

"ಅವು ಬೆರಕೆ ಅಲ್ಲ ಸರ್. ಅವೇ ನಿಜವಾದ ನಲವತ್ತೇಳು. ಭತ್ತಕ್ಕೆ ಹೂವಾಗೋಕೆ ಉದ್ದ ಕತ್ತಲೆ ಬೇಕು. ಇಲ್ಲಿ ಕತ್ತಲೆಯೇ ಆಗಲ್ಲ. ಅದಕ್ಕೆ ಲೇಟಾಗಿ ಹೂವಾಗುತ್ತೆ, ಲೇಟಾಗಿದ್ದಕ್ಕೆ ಚಳಿ ಸಿಗುತ್ತೆ, ಚಳಿ ಸಿಕ್ಕಿದ್ದಕ್ಕೆ ಘಮ. ಹೈಟ್ ಕೂಡ ಅದರದ್ದೇ, ಜಾಸ್ತಿ ದಿನ ಬೆಳೆಯುತ್ತಲ್ಲ." ಅವಳು ತಲೆ ತಗ್ಗಿಸಿದಳು. "ನಾವು ಹತ್ತು ವರ್ಷ ಸೆಲೆಕ್ಟ್ ಮಾಡಿದ್ದು ಈ ಲೈಟ್‌ನ ಸರ್. ಭತ್ತನ ಅಲ್ಲ."

ಭತ್ತಕ್ಕೆ ಕತ್ತಲೆ ಬೇಕೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಾಠ ಮಾಡಿದ್ದೇನೆ. ಪಾಠದಲ್ಲಿದ್ದದ್ದು ಗದ್ದೆಯಲ್ಲೂ ಇರುತ್ತದೆಂದು ಹೊಳೆಯಲಿಲ್ಲ. ಒಂದೊಂದು ಮಡಿಯ ಅಂಚಿನ ಸಾಲನ್ನು ಅಷ್ಟು ಶ್ರದ್ಧೆಯಿಂದ ಬಿಟ್ಟು ಒಳಗಿನ ಗಿಡ ಆರಿಸಿದ್ದೆ. ಇಡೀ ಏಳು ಎಕರೆಯೇ ಶಹರದ ಅಂಚಿನ ಸಾಲಾಗಿತ್ತು. ಅದರೊಳಗೆ ನಡುವಿನ ಸಾಲು ಎಂಬುದೇ ಇರಲಿಲ್ಲ. ರಂಜಿನಿಗೆ ಮನೆಗೆ ಹೋಗು ಎಂದೆ.

ಹನ್ನೊಂದು ವರ್ಷದ ಕೆಲಸ ಮಣ್ಣುಪಾಲಾದದ್ದು ನನ್ನ ಹಣೆಬರಹ. ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಸಕ್ಕುಬಾಯಿಯ ಮನೆಯ ಬೀಜ ಕಣಜದಲ್ಲಿದೆಯಲ್ಲ, ಮುಂದಿನ ಜೂನಿಗೆ ಅದನ್ನು ಹಾಕಿಕೊಂಡರೆ ಅವಳ ಪಾಲಿಗೆ ಎಲ್ಲ ಮೊದಲಿನಂತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಜೂನ್ ಬಂತು. ಸಕ್ಕುಬಾಯಿ ಫಾರ್ಮಿಗೆ ಬಂದಳು, ಕೆಲಸದ ದಿನವಾಗಿರಲಿಲ್ಲ. ಒದ್ದೆ ಬಟ್ಟೆಯ ಗಂಟೊಂದನ್ನು ನನ್ನ ಮೇಜಿನ ಮೇಲೆ ಬಿಚ್ಚಿದಳು. ಮೊಳಕೆಗೆ ಕಟ್ಟಿದ್ದ ಭತ್ತ. ಹುಳಿ ವಾಸನೆ ಬರುತ್ತಿತ್ತು. ಒಂದು ಕಾಳಿಗೂ ಬೇರು ಬಂದಿರಲಿಲ್ಲ.

"ಐದು ದಿನ ಆತ್ರಿ ಕಟ್ಟಿ," ಎಂದಳು. "ಕಣಜದ ಬೀಜ ಎಲ್ಲಾ ಹಿಂಗ ಅದ. ಮಳಿಗಾಲ ಬರೂತನಾ ತಡೀತದ್ರಿ ಅದು, ಮಳಿಗಾಲ ದಾಟಂಗಿಲ್ಲ. ಅತ್ತಿ ಹೇಳಿದ್ರು ಆವಾಗ. ನಾನ ಕೇಳಲಿಲ್ಲ."

ಮುಳಶಿಯ ಮಳೆಯಲ್ಲಿ ಗೋಡೆಗಳೇ ಬೆವರುತ್ತವೆ. ಭತ್ತದ ಜೀವ ಎಷ್ಟು ದಿನ? ಪ್ರತಿ ವರ್ಷ ಬಿತ್ತಿ ಪ್ರತಿ ವರ್ಷ ಹೊಸದು ಮಾಡಿದರಷ್ಟೇ ಆ ಬೀಜ ಇರುತ್ತದೆ. ಒಂದು ವರ್ಷ ಬಿಡಿಸಿದವನು ನಾನು. ಅಕ್ಕಪಕ್ಕದ ಮನೆಗಳಲ್ಲಿ ಅದು ಎಂದೋ ಹೋಗಿತ್ತು, ಎಲ್ಲರೂ ಅಂಗಡಿಯ ಬೀಜಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು.

"ಅತ್ತಿ ಕಳಿಸ್ಯಾರ್ರಿ," ಎಂದಳು ಸಕ್ಕುಬಾಯಿ. "ನೀವು ಒಂದು ಸೇರು ತಿರುಗಿ ಕೊಡೋದು ಅದಂತ."

ನನ್ನ ಎದೆ ಹಗುರವಾಯಿತು. ಅದು ನನ್ನ ಹತ್ತಿರ ಇತ್ತು. ತಂದೆಯ ಬೀಜವಿಲ್ಲದೆ ಯಾವ ತಳಿಗಾರನೂ ಇರುವುದಿಲ್ಲ. ತಂಪಿನ ಕಪಾಟು ತೆಗೆದೆ. ನಂಬರು ಹಾಕಿದ ಅಲ್ಯೂಮಿನಿಯಂ ಪೊಟ್ಟಣಗಳ ಸಾಲಿನಲ್ಲಿ ಅದು ಸಿಕ್ಕಿತು. ಮೇಲೆ ನನ್ನದೇ ಅಕ್ಷರ: 'ನವೀಕರಣ ೨೦೨೧'.

ನವೀಕರಣವೆಂದರೆ ಇಷ್ಟು: ಬೀಜ ಮುದಿಯಾಗಬಾರದೆಂದು ಮೂರು ವರ್ಷಕ್ಕೊಮ್ಮೆ ಅದನ್ನು ನಮ್ಮ ಫಾರ್ಮಿನಲ್ಲಿ ಬಿತ್ತಿ, ಹೊಸ ಬೀಜ ತೆಗೆದುಕೊಂಡು, ಹಳೆಯ ಪೊಟ್ಟಣವನ್ನು ಎಸೆಯುತ್ತೇವೆ. ಎರಡು ಇಟ್ಟರೆ ಗೊಂದಲವಾಗುತ್ತದೆಂದು ಎಸೆಯಲೇಬೇಕೆಂಬ ನಿಯಮ ಮಾಡಿದವನೂ ನಾನೇ. ೨೦೧೫, ೨೦೧೮, ೨೦೨೧. ಮೂರು ಸಲವೂ ಆ ದೀಪಗಳ ಕೆಳಗೆ.

ಆ ಕ್ಷಣ ನನಗೆ ಗೊತ್ತಾಯಿತೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೊತ್ತಾಗಿತ್ತು. ಕೈ ಕಪಾಟಿನಲ್ಲೇ ಒಂದು ಗಳಿಗೆ ನಿಂತಿತು. ಹಿಂದೆ ಸಕ್ಕುಬಾಯಿ ಸೆರಗು ಒಡ್ಡಿಕೊಂಡು ನಿಂತಿದ್ದಳು. ನನ್ನ ಹತ್ತಿರ ಬೇರೆ ಇರಲಿಲ್ಲ. ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಆಗಿರಲಿಕ್ಕಿಲ್ಲ, ತಂದೆಯ ಬೀಜ ಗಟ್ಟಿ, ಅದಕ್ಕೆ ಏನೂ ಆಗಿರಲಿಕ್ಕಿಲ್ಲ ಎಂದು ಮನಸ್ಸಿಗೆ ಹೇಳಿ ಪೊಟ್ಟಣಗಳನ್ನು ಅವಳ ಸೆರಗಿಗೆ ಸುರಿದೆ.

"ಅದ ಬೀಜ ಅಲ್ಲರೀ?" ಎಂದು ಕೇಳಿದಳು.

"ಅದ," ಎಂದೆ.

ಆ ವರ್ಷ ಸೆಪ್ಟೆಂಬರ್ ಕಡೆಯ ವಾರ ಫೋನು ಬರಲಿಲ್ಲ. ನಾನೇ ಹೋದೆ. ಪೌಡಿನ ತನಕ ಬಸ್ಸು, ಅಲ್ಲಿಂದ ಹತ್ತು ಜನ ಹಿಡಿಸುವಲ್ಲಿ ಹದಿನೈದು ಜನರನ್ನು ತುಂಬುವ ಜೀಪು. ಜೀಪಿನಿಂದಲೇ ಕಂಡಿತು. ಅವಳ ಗದ್ದೆ ಹೂವಿನಲ್ಲಿತ್ತು. ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು. ಬದುವಿನ ಮೇಲೆ ನಿಂತು ಎದೆ ತುಂಬ ಉಸಿರು ಎಳೆದುಕೊಂಡೆ. ಕೆಸರಿನ ವಾಸನೆ, ಸಗಣಿಯ ವಾಸನೆ, ಒದ್ದೆ ಹುಲ್ಲಿನ ವಾಸನೆ. ಅಷ್ಟೇ.

ರಂಜಿನಿ ಹಳೆಯ ರಿಜಿಸ್ಟರುಗಳನ್ನು ತೆಗೆದು ಕುಳಿತಳು. ಅಲ್ಲಿ ಎಲ್ಲವೂ ನನ್ನ ಕೈಬರಹದಲ್ಲೇ ಇತ್ತು. ಮುದುಕಿಯ ಬೀಜದಲ್ಲಿ ನೂರಕ್ಕೆ ನಾಲ್ಕೋ ಐದೋ ಗಿಡ ಬೆಳಕಿಗೆ ಅಂಜದ, ಬೇಗನೆ ಹೂವಾಗುವ, ವಾಸನೆಯಿಲ್ಲದ ಗಿಡಗಳು. ಮನೆಬೀಜದಲ್ಲಿ ಅಷ್ಟು ಬೆರಕೆ ಇದ್ದೇ ಇರುತ್ತದೆ. ಮುದುಕಿ ಕಾಳು ಕಚ್ಚಿ, ದಾರ ಕಟ್ಟಿ, ಅವನ್ನು ಪ್ರತಿ ವರ್ಷ ಹೊರಗಿಡುತ್ತಿದ್ದಳು. ನಮ್ಮ ಫಾರ್ಮಿನಲ್ಲಿ, ರಾತ್ರಿಯೂ ಹಗಲಾದ ಗದ್ದೆಯಲ್ಲಿ, ನಿಜವಾದ ಗಿಡಗಳು ತೆನೆಯ ಹೊಡೆ ಒಡೆಯದೆ ನಿಂತೇ ಇದ್ದವು. ಬೇಗ ಮಾಗುವ ತಾಯಿಯ ಪಾಲಿದ್ದ ನಲವತ್ತೇಳು ತಡವಾಗಿಯಾದರೂ ಹೂವಾಗುತ್ತಿತ್ತು, ಇವು ಕತ್ತಲೆಗೆ ಕಾಯುತ್ತ ನಿಂತಿದ್ದವು. ಡಿಸೆಂಬರಿನಲ್ಲಿ ನೀರು ನಿಲ್ಲಿಸಿದಾಗ, 'ಕಾಳು ಕಟ್ಟದ ಗಿಡಗಳು, ಮೇವಿಗೆ ಕೊಯ್ದಿದೆ' ಎಂದು ಬರೆದಿದ್ದೆ. ೨೦೧೫ರಲ್ಲಿ ನೂರಕ್ಕೆ ತೊಂಬತ್ತು ಮೇವಿಗೆ. ೨೦೧೮ರಲ್ಲಿ ಮೂವತ್ತು. ೨೦೨೧ರಲ್ಲಿ ಒಂದೂ ಇಲ್ಲ. ಆ ವರ್ಷದ ಸಾಲಿನ ಮುಂದೆ 'ಉತ್ತಮ, ಏಕರೂಪ' ಎಂದು ಷರಾ ಹಾಕಿದ್ದೆ.

ರಂಜಿನಿ ರಿಜಿಸ್ಟರು ಮುಚ್ಚಿದಳು. "ಬೇರೆ ಎಲ್ಲಾದ್ರೂ ಸಿಗಬಹುದಾ ಸರ್?"

ಹುಡುಕಿದೆವು. ಎರಡು ತಿಂಗಳು ಮಾವಳ, ಮುಳಶಿಯ ಊರೂರು ತಿರುಗಿದೆವು. ಮುದುಕಿಯ ತವರಿಗೂ ಹೋದೆವು. ಊರು ಅಣೆಕಟ್ಟಿನ ಹಿನ್ನೀರಿನಾಚೆ, ಮನೆಗಳಿದ್ದವು. ಗದ್ದೆಗಳಲ್ಲಿ ರಿಸಾರ್ಟಿನ ಗುಡಿಸಲುಗಳಿದ್ದವು. ವಾಸನೆಯ ಭತ್ತ ಬೇರೆ ಬೇರೆ ಸಿಕ್ಕವು. ಒಂದೊಂದೂ ಒಯ್ದು ಬೇಯಿಸಿ ಕೊಟ್ಟರೆ ಮುದುಕಿ ಮರ್ಯಾದೆಗೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಸಕ್ಕುಬಾಯಿ ನನ್ನ ಮೇಲೆ ಒಮ್ಮೆಯೂ ರೇಗಲಿಲ್ಲ. ರೇಗಿದ್ದರೆ ನನಗೆ ಊಟ ಸೇರುತ್ತಿತ್ತು.

ಅದೇ ಡಿಸೆಂಬರಿಗೆ ಫಾರ್ಮೂ ಮುಗಿಯಿತು. ಏಳು ಎಕರೆಯಲ್ಲಿ ಇಪ್ಪತ್ತೆರಡು ಅಂತಸ್ತಿನ ಮನೆಗಳು ಬರುತ್ತವೆಂದು ಸಂಸ್ಥೆಯ ಪತ್ರ ಬಂತು. ಕಡೆಯ ಕೊಯ್ಲಿಗೆ ಸಕ್ಕುಬಾಯಿಯನ್ನು ಕರೆದೆ. ನಲವತ್ತೇಳು ಎಂದಿನಂತೆ ತಡವಾಗಿ ಹೂವಾಗಿ ಚಳಿಯಲ್ಲಿ ಮಾಗಿ ನಿಂತಿತ್ತು. ಕುಡುಗೋಲು ಹಾಕಿದೊಡನೆ ಮಾವಿನ ಹೂವಿನ ಘಮ ಎದ್ದಿತು. ಕ್ಯಾಬಿನ ಡ್ರೈವರುಗಳು ಗೋಡೆಯ ಮೇಲಿಂದ ಇಣುಕಿ, ಏನು ಬೇಯಿಸುತ್ತಿದ್ದೀರಿ ಎಂದು ಕೇಳಿದರು. ಸಕ್ಕುಬಾಯಿ ಕೊಯ್ಯುವುದನ್ನು ನಿಲ್ಲಿಸಿ ನಿಂತಳು.

"ಇದ ರಿ ಸಾಹೇಬ್ರ," ಎಂದಳು. "ನಮ್ಮ ಮನೀ ವಾಸನಿ."

"ಇಲ್ಲೇ ಅಷ್ಟ ಬರತದ ಅದು," ಎಂದೆ. "ನಿನ್ನ ಹೊಲದಾಗ ಬರಂಗಿಲ್ಲ. ನೋಡೀದಿ ನೀ."

"ನೋಡೀನ್ರಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅತ್ತಿ ಎರಡು ವರ್ಷ ಆತು, ಮನಸಿಟ್ಟು ಉಂಡಿಲ್ರಿ. ಒಂದು ಸೇರು ಅಕ್ಕಿ, ಒಂದು ಸೂಡು ತೆನಿ ಕೊಡ್ರಿ. ಒಂದ ಸಲ ಉಣ್ಲಿ."

ಬೇಡ ಎನ್ನಬೇಕಾಗಿತ್ತೇನೋ. ಕೊಟ್ಟೆ, ಜೊತೆಗೂ ಹೋದೆ.

ಸಕ್ಕುಬಾಯಿ ಒಲೆಯ ಮೇಲೆ ಅನ್ನಕ್ಕಿಟ್ಟಳು. ಮುದುಕಿ ಒಳಕೋಣೆಯಲ್ಲಿ ಮಲಗಿದ್ದಳು. ಅನ್ನ ಕುದಿ ಬರುತ್ತಿದ್ದಂತೆ ಕೋಣೆಯಿಂದ ಸದ್ದಾಯಿತು. ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತು, ಮೂಗು ಎತ್ತಿ, "ಆಲಾ," ಎಂದಳು. ಬಂತು. ಎರಡು ಸಲ ಹಾಕಿಸಿಕೊಂಡು ಉಂಡಳು. ಉಂಡು ಮುಗಿಸಿ ಕೈ ತೊಳೆದವಳು ಸೂಡಿನಿಂದ ಒಂದು ತೆನೆ ಎಳೆದು ಕಾಳು ಕಚ್ಚಿ ನೋಡಿದಳು. ನನ್ನ ಕಡೆ ತಿರುಗಿ ನನ್ನ ತಲೆಯ ಮೇಲೆ ಕೈ ಇಟ್ಟಳು. ಕೊಟ್ಟ ಮಾತಿನಂತೆ ನೀನು ನಡೆದುಕೊಂಡೆ ಎಂದು ಮರಾಠಿಯಲ್ಲಿ ಹೇಳಿದಳು. ನಾನು ತಲೆ ತಗ್ಗಿಸಿ ಕುಳಿತಿದ್ದೆ, ಅವಳಿಗೆ ಅದು ವಿನಯದಂತೆ ಕಂಡಿರಬೇಕು.

ಆಮೇಲೆ ಗೂಡಿನಿಂದ ಕೆಂಪು ದಾರದ ಉಂಡೆ ತಂದಳು. ತೆನೆಗಳನ್ನು ಒಂದೊಂದಾಗಿ ಆರಿಸಿ, ಕಟ್ಟು ಮಾಡಿ, ದಾರ ಸುತ್ತಿ, ಸೊಸೆಯ ಕೈಗೆ ಕೊಟ್ಟಳು.

"ಬಿಯಾಣ ಠೇವ," ಎಂದಳು. ಬೀಜಕ್ಕೆ ಇಡು.

ಸಕ್ಕುಬಾಯಿ ನನ್ನನ್ನು ನೋಡಿದಳು. ನಾನು ಒಲೆಯ ಕಡೆ ಮುಖ ತಿರುಗಿಸಿದೆ. ಅವಳು ಏಣಿ ಹತ್ತಿ ಕಟ್ಟನ್ನು ಹೊಗೆ ತಾಗುವ ತೊಲೆಗೆ ಕಟ್ಟಿದಳು.

ಜೀಪು ನಿಲ್ಲುವ ತನಕ ನನ್ನನ್ನು ಕಳಿಸಲು ಬಂದಳು. ದಾರಿಯಲ್ಲಿ ಕೊಯ್ದ ಗದ್ದೆಗಳು, ನಾಲ್ಕೂ ಕಡೆ ಗುಡ್ಡ. ಸೂರ್ಯ ಗುಡ್ಡದ ಹಿಂದೆ ಇಳಿದು ಕಣಿವೆಯೆಲ್ಲ ಕಪ್ಪಾಗುತ್ತಿತ್ತು. ಒಂದು ದೀಪವೂ ಇರಲಿಲ್ಲ. ಭತ್ತಕ್ಕೆ ಹೇಳಿ ಮಾಡಿಸಿದ ಕತ್ತಲೆ.

"ಜೂನದಾಗ ಅದನ್ನ ಬಿತ್ತತೀನ್ರಿ," ಎಂದಳು ಸಕ್ಕುಬಾಯಿ. "ಬಿತ್ತಲಿಲ್ಲಂದ್ರ ಅತ್ತಿ ಕೇಳ್ತಾರ."

"ಬರಂಗಿಲ್ಲ ಸಕ್ಕುಬಾಯಿ."

"ಗೊತ್ತದ್ರಿ. ದೀಪಾವಳಿತನಾ ಅತ್ತಿ ಇದ್ರ, ಮನಿ ಬೀಜ ಹೋತು ಅಂತ ನೀವ ಬಂದು ಹೇಳ್ರಿ ಸಾಹೇಬ್ರ. ನನ್ನ ಕೈಲೆ ಆಗಂಗಿಲ್ಲ."

ಜೀಪು ಬಂತು. ಒಳಗಿದ್ದವರು ಸರಿದು ಜಾಗ ಕೊಟ್ಟರು, ಹತ್ತಿ ಕುಳಿತೆ.